ಮೀನು ತಾನಾಗಿ ಬರಲಿಲ್ಲ, ದಾರಿ ಮಾಡಿಕೊಟ್ಟಿದ್ದು ನಾವೇ

ಹೊರಗಿನ ಮೀನೊಂದು ಯಾವುದೋ ಸರೋವರಕ್ಕೆ ಸೇರ್ಕೊಂಡು ಹಾವಳಿ ಮಾಡ್ತಿದೆ ಅಂದ್ರೆ ತುಂಬಾ ಜನರ ಬಾಯಿಂದ ಬರೋ ಮೊದಲ ಮಾತು, ಮೀನು ತಾನೇ, ಹಿಡಿದು ತಿಂದ್ರಾಯ್ತು ಬಿಡಿ, ಅಂತ. ಅಷ್ಟು ಸುಲಭ ಆಗಿದ್ದಿದ್ರೆ ಅಮೆರಿಕ ಮತ್ತು ಕೆನಡಾ ಎರಡೂ ಸೇರಿ ಒಂದೇ ಒಂದು ಮೀನಿನ ಹಿಂದೆ 60 ವರ್ಷಕ್ಕೂ ಜಾಸ್ತಿ ಕಾಲದಿಂದ ದುಡ್ಡು ಸುರೀತಾ ಇರ್ತಿರಲಿಲ್ಲ, ಆಫ್ರಿಕಾದ ಅತಿ ದೊಡ್ಡ ಸರೋವರದಲ್ಲಿ ನೂರಾರು ಜಾತಿ ಮೀನು ಕಣ್ಮರೆ ಆಗ್ತಿರಲಿಲ್ಲ.

ಸಿಹಿನೀರಿನ ಸರೋವರ ಅನ್ನೋದು ಒಂಥರಾ ದ್ವೀಪ ಇದ್ದಂಗೆ, ಸುತ್ತ ನೆಲ, ಒಳಗೆ ನೀರು. ಒಳಗಿರೋ ಮೀನುಗಳು ಸಾವಿರಾರು ವರ್ಷ ಒಬ್ಬರನ್ನೊಬ್ಬರು ನೋಡ್ಕೊಂಡೇ ಬೆಳೆದಿರ್ತಾವೆ, ಯಾರಿಗೆ ಹೆದರಬೇಕು, ಎಲ್ಲಿ ಮೊಟ್ಟೆ ಇಡಬೇಕು ಅನ್ನೋದೆಲ್ಲ ಅವುಗಳ ಮೈಯಲ್ಲೇ ಇರುತ್ತೆ. ಅಲ್ಲಿಗೆ ಹೊಸದೊಂದು ಬಂದ್ರೆ ಅದಕ್ಕೆ ಹೆದರೋದು ಇವಕ್ಕೆ ಗೊತ್ತಿರಲ್ಲ, ಹೊಸದನ್ನ ತಿನ್ನೋ ಪ್ರಾಣಿನೂ ಅಲ್ಲಿರಲ್ಲ, ತಪ್ಪಿಸ್ಕೊಂಡು ಹೋಗೋಕೆ ಬೇರೆ ಜಾಗನೂ ಇಲ್ಲ. ಎಲ್ಲ ಹೊಸ ಮೀನೂ ಹಾವಳಿ ಮಾಡಲ್ಲ, ಎಷ್ಟೋ ಮೀನು ಬಂದು ಸದ್ದಿಲ್ಲದೆ ಸತ್ತು ಹೋಗ್ತಾವೆ, ಆದ್ರೆ ಬೇರೂರಿದ್ದನ್ನ ದೊಡ್ಡ ಸರೋವರದಿಂದ ಪೂರ್ತಿ ಕಿತ್ತು ಹಾಕೋದು ಇವತ್ತಿನವರೆಗೂ ಹೆಚ್ಚೂಕಮ್ಮಿ ಆಗದ ಮಾತು.

ಈ ವಿಷಯದ ಹಿಂದಿನದ್ದೆಲ್ಲ ಓದ್ತಾ ಹೋದಂಗೆ ನನಗೆ ಮತ್ತೆ ಮತ್ತೆ ಕಂಡಿದ್ದು ಒಂದೇ. ಇವತ್ತು ಶತ್ರು ಅಂತ ಕರೆಯೋ ಮೀನುಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ಯಾವುದೋ ಸಮಸ್ಯೆಗೆ ಪರಿಹಾರ ಅಂತ ಬಂದವು, ಇಲ್ಲಾಂದ್ರೆ ಬೇರೆ ಕೆಲಸಕ್ಕೆ ತೋಡಿದ ಕಾಲುವೆಯಲ್ಲಿ ಈಜ್ಕೊಂಡು ಬಂದವು.

ಉತ್ತರ ಅಮೆರಿಕದ ಐದು ಮಹಾಸರೋವರಗಳ ಕಥೆ ಇದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಒಂಟಾರಿಯೊ ಸರೋವರಕ್ಕೂ ಅದರ ಮೇಲಿನ ನಾಲ್ಕಕ್ಕೂ ಮಧ್ಯೆ ನಯಾಗರಾ ಜಲಪಾತ ಇದೆ. ಅಟ್ಲಾಂಟಿಕ್ ಕಡೆಯಿಂದ ಬರೋ ಯಾವ ಮೀನೂ ಆ ಎತ್ತರ ಹತ್ತೋಕೆ ಆಗಲ್ಲ, ಅಂದ್ರೆ ಜಲಪಾತವೇ ಬಾಗಿಲಿಗೆ ಹಾಕಿದ ಬೀಗ. 1829ರಲ್ಲಿ ಹಡಗುಗಳು ಜಲಪಾತವನ್ನ ಬಳಸಿಕೊಂಡು ಹೋಗ್ಲಿ ಅಂತ ವೆಲೆಂಡ್ ಕಾಲುವೆ ತೆರೆದ್ರು. ವ್ಯಾಪಾರಕ್ಕೆ ಅದು ತುಂಬಾ ಒಳ್ಳೇದೇ ಆಯ್ತು, ಮೀನಿನ ಯೋಚನೆ ಆಗ ಯಾರಿಗೂ ಬಂದಿರಲಿಲ್ಲ. ಆಮೇಲೆ ಕಾಲುವೆಯನ್ನ ಹಲವು ಸಲ ಅಗಲ ಮಾಡಿದ್ರು, ಆಳ ಮಾಡಿದ್ರು, 1921ರಲ್ಲಿ ಈರಿ ಸರೋವರದಲ್ಲಿ ಸೀ ಲ್ಯಾಂಪ್ರೇ ಅನ್ನೋ ರಕ್ತ ಹೀರೋ ಮೀನು ಕಾಣಿಸ್ಕೊಂಡಿತು. ಮಿಷಿಗನ್ ಸರೋವರದಲ್ಲಿ 1936, ಹ್ಯೂರಾನ್‌ನಲ್ಲಿ 1937, ಸುಪೀರಿಯರ್‌ನಲ್ಲಿ 1938. ಹತ್ತಿರ ಹತ್ತಿರ ನೂರು ವರ್ಷ ಕಾದಿದ್ದು ಹದಿನೇಳೇ ವರ್ಷದಲ್ಲಿ ನಾಲ್ಕೂ ಸರೋವರ ಹಿಡೀತು.

ಲ್ಯಾಂಪ್ರೇ ನೋಡೋಕೆ ಹಾವುಮೀನಿನ ಥರ, ಆದ್ರೆ ದವಡೆನೇ ಇಲ್ಲ. ಬಾಯಿ ಅಂದ್ರೆ ಒಂದು ಗುಂಡನೆ ತಟ್ಟೆ, ಅದರ ತುಂಬಾ ಸುತ್ತು ಸುತ್ತಾಗಿ ಕೊಂಬಿನಂಥ ಹಲ್ಲು, ಮಧ್ಯದಲ್ಲಿ ಅರದ ಹಂಗೆ ಉಜ್ಜೋ ನಾಲಿಗೆ. ದೊಡ್ಡ ಮೀನಿನ ಪಕ್ಕೆಗೆ ಆ ಬಾಯನ್ನ ಒತ್ತಿ ಅಂಟ್ಕೊಳ್ಳುತ್ತೆ, ನಾಲಿಗೆಯಿಂದ ಚರ್ಮ ಉಜ್ಜಿ ತೂತು ಮಾಡುತ್ತೆ, ರಕ್ತ ಹೆಪ್ಪುಗಟ್ಟದ ಹಾಗೆ ಒಂಥರಾ ದ್ರವ ಬಿಟ್ಟು ಹೀರ್ತಾ ಇರುತ್ತೆ. ಮೀನು ಎಷ್ಟು ಒದ್ದಾಡಿದ್ರೂ ಬಿಡಲ್ಲ. ಬಿಟ್ಟು ಹೋದ ಮೇಲೆ ಉಳಿಯೋದು ಕಾಸಿನಗಲ ಕೆಂಪು ಗಾಯ, ಬಹಳಷ್ಟು ಮೀನು ಅದರಿಂದಲೇ ಸಾಯ್ತಾವೆ. ಹೀಗೆ ಹೀರಿ ಬದುಕೋ ಒಂದು ಒಂದೂವರೆ ವರ್ಷದಲ್ಲಿ ಒಂದೊಂದು ಲ್ಯಾಂಪ್ರೇ 18 ಕೆಜಿವರೆಗೂ ಮೀನು ಸಾಯಿಸಬಲ್ಲದು. ಅಟ್ಲಾಂಟಿಕ್‌ನಲ್ಲಿ ಅದರ ಜೊತೆಗೇ ಬೆಳೆದ ಮೀನುಗಳು ಅದನ್ನ ತಡ್ಕೊಳ್ತಾವೆ, ಸಿಹಿನೀರಿನ ಲೇಕ್ ಟ್ರೌಟ್‌ಗೆ ತಡ್ಕೊಳ್ಳೋಕಾಗಲಿಲ್ಲ. ಲ್ಯಾಂಪ್ರೇ ಹರಡೋಕೆ ಮುಂಚೆ ಮೇಲಿನ ಸರೋವರಗಳಲ್ಲಿ ವರ್ಷಕ್ಕೆ ಸುಮಾರು 68 ಲಕ್ಷ ಕೆಜಿ ಲೇಕ್ ಟ್ರೌಟ್ ಬಲೆಗೆ ಬೀಳ್ತಿತ್ತು, 1960ರ ದಶಕದ ಶುರುವಿನ ಹೊತ್ತಿಗೆ ಅದು ಸುಮಾರು 1.36 ಲಕ್ಷ ಕೆಜಿಗೆ ಇಳೀತು. ಅತಿಯಾಗಿ ಮೀನು ಹಿಡಿದಿದ್ದರ ಪಾಲೂ ಇದರಲ್ಲಿ ಇದೆ, ಅದನ್ನ ಮುಚ್ಚಿಡಬಾರದು. ಆದ್ರೆ ತಲೆಮಾರುಗಳಿಂದ ಬಲೆ ಬೀಸ್ತಿದ್ದ ಕುಟುಂಬಗಳು ದೋಣಿ ಮಾರಿ ಬೇರೆ ಕೆಲಸ ಹುಡುಕ್ಕೊಂಡು ಹೋಗಬೇಕಾಗಿದ್ದು, 68 ಲಕ್ಷ 1.36 ಲಕ್ಷ ಆಯ್ತು ಅನ್ನೋ ಲೆಕ್ಕದಲ್ಲಿ ಎಲ್ಲೂ ಕಾಣಿಸಲ್ಲ.

ಕಥೆ ಅಲ್ಲಿಗೆ ನಿಲ್ಲಲಿಲ್ಲ, ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಇದರ ಮುಂದಿನ ಭಾಗ. ದೊಡ್ಡ ಮೀನು ಹೋದ್ಮೇಲೆ ಸಣ್ಣ ಮೀನನ್ನ ತಿನ್ನೋರು ಯಾರೂ ಉಳೀಲಿಲ್ಲ. ಸಮುದ್ರದಿಂದ ಬಂದಿದ್ದ ಏಲ್‌ವೈಫ್ ಅನ್ನೋ ಸಣ್ಣ ಬೆಳ್ಳಿ ಬಣ್ಣದ ಮೀನು 1949ರಲ್ಲಿ ಮಿಷಿಗನ್ ಸರೋವರದಲ್ಲಿ ಕಂಡಿತ್ತು, ತಡೆಯೋರಿಲ್ಲದೆ ಎಷ್ಟು ಹೆಚ್ಚಿತು ಅಂದ್ರೆ 1960ರ ದಶಕದ ಮಧ್ಯಕ್ಕೆ ಸರೋವರದಲ್ಲಿದ್ದ ಮೀನಿನ ತೂಕದಲ್ಲಿ ಬಹುಪಾಲು ಇದೇ ಆಗಿಹೋಯ್ತು. 1967ರಲ್ಲಿ ಅವು ಒಟ್ಟೊಟ್ಟಿಗೆ ಸತ್ತು ದಡಕ್ಕೆ ಬಂದು ಬಿದ್ದವು. ಷಿಕಾಗೊ ಕಡೆಯ ಮರಳ ದಂಡೆಗಳ ಮೇಲೆ ರಾಶಿ ರಾಶಿ ಕೊಳೆತ ಮೀನು, ಜನ ಹತ್ತಿರ ಸುಳಿಯೋಕಾಗದ ನಾತ, ಟ್ರ್ಯಾಕ್ಟರ್ ತಂದು ಬಾಚಿ ತೆಗೀಬೇಕಾಯ್ತು.

ಏಲ್‌ವೈಫ್ ಹಾವಳಿಗೆ ಒಂದು ಪರಿಹಾರ ಬೇಕು ಅಂತ ಇದಕ್ಕೂ ಒಂದು ವರ್ಷ ಮುಂಚೆಯೇ ಮಿಷಿಗನ್ ರಾಜ್ಯದ ಮೀನುಗಾರಿಕೆ ಅಧಿಕಾರಿಗಳು 1966ರಲ್ಲಿ ಪೆಸಿಫಿಕ್ ಸಾಗರದ ಕಡೆಯ ಕೋಹೋ ಸಾಲ್ಮನ್ ಮರಿಗಳನ್ನ, ಮರುವರ್ಷ ಚಿನೂಕ್ ಸಾಲ್ಮನ್ ಮರಿಗಳನ್ನ ಬಿಟ್ಟರು. ಇದಂತೂ ಸಖತ್ತಾಗಿ ಕೆಲಸ ಮಾಡ್ತು. ಸಾಲ್ಮನ್‌ಗಳು ಏಲ್‌ವೈಫ್ ತಿಂದು ಕೊಬ್ಬಿದ್ವು, ಗಾಳ ಹಾಕೋಕೆ ದೂರ ದೂರದಿಂದ ಜನ ಬಂದ್ರು, ದಡದ ಊರುಗಳಿಗೆ ಮತ್ತೆ ಜೀವ ಬಂತು. ಅಷ್ಟರಲ್ಲಿ, 1988ರ ಹೊತ್ತಿಗೆ, ಹಡಗುಗಳು ಸಮತೋಲನಕ್ಕೆ ಹೊಟ್ಟೆಯಲ್ಲಿ ತುಂಬ್ಕೊಂಡು ಬರೋ ನೀರಿನ ಜೊತೆ ಜೀಬ್ರಾ ಮಸಲ್ ಅನ್ನೋ ಬೆರಳುಗುರಿನಷ್ಟು ಚಿಪ್ಪಿನ ಜೀವಿ ಬಂತು, ಹಿಂದೆನೇ ಅದರ ದಾಯಾದಿ ಕ್ವಾಗಾ ಮಸಲ್, 1990ರಲ್ಲಿ ರೌಂಡ್ ಗೋಬಿ ಅನ್ನೋ ಮೀನು. ಮಸಲ್‌ಗಳು ನೀರನ್ನ ಸೋಸಿ ಸೋಸಿ ಸಣ್ಣ ಪಾಚಿಯನ್ನೆಲ್ಲ ತಿಂದು ಹಾಕಿದ್ವು, ಆ ಪಾಚಿ ಇಲ್ದೆ ಅದನ್ನ ತಿನ್ನೋ ಸೂಕ್ಷ್ಮ ಜೀವಿಗಳು ಕಮ್ಮಿ ಆದ್ವು, ಅವಿಲ್ದೆ ಏಲ್‌ವೈಫ್ ಸೊರಗಿತು. 2003-04ರ ಹೊತ್ತಿಗೆ ಹ್ಯೂರಾನ್ ಸರೋವರದಲ್ಲಿ ಏಲ್‌ವೈಫ್ ಕುಸಿದು ಬಿತ್ತು, ಅದನ್ನೇ ನಂಬ್ಕೊಂಡಿದ್ದ ಚಿನೂಕ್ ಸಾಲ್ಮನ್ ಕೂಡ, ಸಾಲ್ಮನ್ ನಂಬ್ಕೊಂಡಿದ್ದ ದಡದ ಊರುಗಳೂ. ನೀರು ಈಗ ಮೊದಲಿಗಿಂತ ತಿಳಿಯಾಗಿ ಕಾಣುತ್ತೆ, ನೋಡಿದವರು ಸರೋವರ ಶುದ್ಧ ಆಯ್ತು ಅಂತ ಖುಷಿ ಪಡ್ತಾರೆ, ಆದ್ರೆ ಅದು ಆರೋಗ್ಯದ ತಿಳಿ ಅಲ್ಲ, ಮೀನಿಗೆ ಊಟ ಇಲ್ಲ ಅನ್ನೋದರ ಗುರುತು.

ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ ಆಗಿದ್ದು ಇನ್ನೊಂಥರ. ಅಲ್ಲಿ ಸಿಕ್ಲಿಡ್ ಅನ್ನೋ ಸಣ್ಣ ಮೀನುಗಳ 500ಕ್ಕೂ ಹೆಚ್ಚು ಜಾತಿ ಇದ್ದವು, ಹೆಚ್ಚಿನವು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದವು. ವಸಾಹತು ಆಡಳಿತದ ಕೆಲವರಿಗೆ ಇವೆಲ್ಲ ಮುಳ್ಳು ತುಂಬಿದ ಕೆಲಸಕ್ಕೆ ಬಾರದ ಮೀನಾಗಿ ಕಂಡ್ವು, ಇವನ್ನ ತಿಂದು ದೊಡ್ಡದಾಗೋ ನೈಲ್ ಪರ್ಚ್ ಅನ್ನೋ ಮೀನನ್ನ ಸರೋವರಕ್ಕೆ ತಂದು ಬಿಟ್ರೆ ಹಿಡಿಯೋಕೂ ಮಾರೋಕೂ ಚೆನ್ನಾಗಿರುತ್ತೆ ಅನ್ನೋದು ಯೋಚನೆ. 1950ರ ದಶಕದಲ್ಲೇ ಉಗಾಂಡಾ ಕಡೆಯಿಂದ ಸದ್ದಿಲ್ಲದೆ ಬಿಟ್ಟಿದ್ರು, 1960ರ ದಶಕದ ಶುರುವಿನಲ್ಲಿ ಅಧಿಕೃತವಾಗಿಯೂ ಬಿಟ್ಟರು. ಬೇಡ, ಏನಾಗುತ್ತೋ ಗೊತ್ತಿಲ್ಲ ಅಂತ ಜೆಫ್ರಿ ಫ್ರೈಯರ್ ಅನ್ನೋ ವಿಜ್ಞಾನಿ 1960ರಲ್ಲೇ ಬರೆದು ಎಚ್ಚರಿಸಿದ್ರು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಇಪ್ಪತ್ತು ವರ್ಷ ಏನೂ ಆಗದವರ ಹಾಗಿದ್ದ ನೈಲ್ ಪರ್ಚ್ 1980ರ ದಶಕದಲ್ಲಿ ಒಮ್ಮೆಲೇ ಉಕ್ಕಿ ಬಂತು. ಇದು ಆಳೆತ್ತರ ಮೀರಿ ಬೆಳೆಯೋ ಮೀನು. ಕೊಳಚೆ, ಗೊಬ್ಬರ ಸೇರಿ ನೀರು ಕೆಡ್ತಿದ್ದದ್ದೂ ಜೊತೆಗೂಡಿ, ಸುಮಾರು 200 ಸಿಕ್ಲಿಡ್ ಜಾತಿಗಳು ಕಾಣೆಯಾದ್ವು ಅಂತ ಅಂದಾಜು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು, ಹಿಡಿದ ಮೀನಿನ ಒಟ್ಟು ತೂಕ ನೋಡಿದ್ರೆ ಅದು ಹಲವು ಪಟ್ಟು ಏರಿತು, ಮೂಳೆ ತೆಗೆದು ಫಿಲೆ ಮಾಡಿ ಯುರೋಪಿಗೆ ಕಳಿಸೋ ಕಾರ್ಖಾನೆಗಳು ಬಂದ್ವು, ಕೆಲಸಾನೂ ಬಂತು. ಹಾಗಾಗಿ ಇದನ್ನ ಯಶಸ್ಸು ಅನ್ನೋರೂ ಇದ್ದಾರೆ, ನನಗೆ ಆ ಲೆಕ್ಕ ಒಪ್ಪಿಗೆ ಆಗಲ್ಲ. ಸಣ್ಣ ಸಿಕ್ಲಿಡ್‌ಗಳನ್ನ ಹೆಂಗಸರು ಬಿಸಿಲಲ್ಲಿ ಒಣಗಿಸಿ ಮಾರ್ತಿದ್ರು, ಅದಕ್ಕೆ ಬಂಡವಾಳ ಅಂತ ಬೇಕಿರಲಿಲ್ಲ, ಬಿಸಿಲು ಸಾಕಿತ್ತು. ಪರ್ಚ್ ಎಣ್ಣೆ ಜಾಸ್ತಿ ಇರೋ ದೊಡ್ಡ ಮೀನು, ಬಿಸಿಲಿಗೆ ಒಣಗಲ್ಲ, ಹೊಗೆ ಹಾಕಬೇಕು, ಹೊಗೆಗೆ ಸೌದೆ ಬೇಕು, ಸೌದೆಗೆ ಸುತ್ತಲ ಮರ ಕಡಿದ್ರು. ದೊಡ್ಡ ಬಲೆ, ಮೋಟಾರು ದೋಣಿ ಇದ್ದವರ ಕೈ ಮೇಲಾಯ್ತು. ಒಳ್ಳೇ ಮಾಂಸ ವಿಮಾನ ಹತ್ತಿದ್ರೆ ದಡದವರಿಗೆ ಉಳಿದಿದ್ದು ತಲೆ, ಮೂಳೆ. ಮೀನು ಹೆಚ್ಚಾದ ಸರೋವರದ ದಡದಲ್ಲೇ ಮೀನು ಕೊಳ್ಳೋಕಾಗದ ಮನೆಗಳಾದ್ವು.

ಇನ್ನು ಗೆಂಡೆ ಮೀನುಗಳ ವಿಷಯ, ಅಮೆರಿಕದಲ್ಲಿ ಈಗ ಜೋರಾಗಿ ಮಾತಿನಲ್ಲಿರೋದು ಇದೇ. 1870ರ ದಶಕದಲ್ಲಿ ಸರ್ಕಾರವೇ ಜರ್ಮನಿಯಿಂದ ಸಾಮಾನ್ಯ ಗೆಂಡೆ ತರಿಸಿ ದೇಶದ ತುಂಬಾ ಹಂಚಿತ್ತು, ಅದು ತಳದ ಕೆಸರನ್ನ ಮೂತಿಯಿಂದ ಕೆದಕಿ ನೀರು ರಾಡಿ ಮಾಡಿ ಗಿಡ ಕಿತ್ತು ಹಾಕುತ್ತೆ ಅನ್ನೋದು ಆಮೇಲೆ ಗೊತ್ತಾಯ್ತು. ಆ ಪಾಠ ಯಾಕೋ ಉಳೀಲಿಲ್ಲ. 1963ರಲ್ಲಿ ನೀರಿನ ಕಳೆ ತಿನ್ನಲಿ ಅಂತ ಹುಲ್ಲು ಗೆಂಡೆ ತಂದ್ರು, ಕಳೆನಾಶಕ ವಿಷಕ್ಕಿಂತ ಮೀನು ವಾಸಿ ಅನ್ನೋ ಒಳ್ಳೇ ಉದ್ದೇಶವೇ ಅದರ ಹಿಂದೆ ಇತ್ತು. 1970ರ ದಶಕದಲ್ಲಿ ಮೀನು ಸಾಕೋ ಕೊಳ, ಕೊಳಚೆ ನೀರಿನ ಕೊಳಗಳ ಪಾಚಿ ತಿನ್ನೋಕೆ ಬೆಳ್ಳಿ ಗೆಂಡೆ, ದೊಡ್ಡತಲೆ ಗೆಂಡೆ ಬಂದ್ವು. ಕೊಳಗಳಿಂದ ತಪ್ಪಿಸ್ಕೊಂಡು ಮಿಸಿಸಿಪ್ಪಿ ನದಿ ಸೇರಿದ್ವು, ಅಲ್ಲಿಂದ ಮೇಲಕ್ಕೆ ಇಲಿನಾಯ್ ನದಿಗೆ. ಏಷ್ಯಾದ ತಮ್ಮ ನದಿಗಳಲ್ಲಿ ಈ ಮೀನುಗಳದ್ದು ಏನೂ ತಪ್ಪಿಲ್ಲ, ಅಲ್ಲಿ ಕೋಟ್ಯಂತರ ಜನ ತಿನ್ನೋ ಮೀನು, ತಪ್ಪು ಜಾಗಕ್ಕೆ ತಂದು ಬಿಟ್ಟಿದ್ದೇ ತಪ್ಪು.

ಇಲಿನಾಯ್ ನದಿಯಲ್ಲಿ ಮೋಟಾರು ದೋಣಿ ಹೋಗ್ತಿದ್ರೆ ಸದ್ದಿಗೆ ಬೆದರಿ ಬೆಳ್ಳಿ ಗೆಂಡೆಗಳು ಎರಡೂ ಬದಿಯಿಂದ ಆಳೆತ್ತರ ಚಿಮ್ಮುತಾವೆ, ಐದಾರು ಕೆಜಿ ಮೀನು ಓಡೋ ದೋಣಿಯಲ್ಲಿರೋರ ಮುಖಕ್ಕೆ ಬಡಿದು ಮೂಗು, ದವಡೆ ಮುರಿದಿರೋದುಂಟು. ವಿಡಿಯೋ ನೋಡಿದವರಿಗೆ ಇದು ತಮಾಷೆ. ಆದ್ರೆ ಅಪಾಯ ಆ ನೆಗೆತದಲ್ಲಿಲ್ಲ, ಬಾಯಲ್ಲಿದೆ. ಬಾಯಿ ತೆರ್ಕೊಂಡು ಈಜ್ತಾ ನೀರಲ್ಲಿರೋ ಪಾಚಿ, ಸೂಕ್ಷ್ಮ ಜೀವಿಗಳನ್ನ ಸೋಸಿ ತಿಂತಾ ಹೋಗ್ತಾವೆ, ಅಂದ್ರೆ ಉಳಿದೆಲ್ಲ ಮೀನಿನ ಮರಿಗಳ ಮೊದಲ ತುತ್ತನ್ನೇ ಕಿತ್ಕೊಳ್ತಾವೆ.

ಈ ಗೆಂಡೆಗಳಿಗೂ ಮಿಷಿಗನ್ ಸರೋವರಕ್ಕೂ ಮಧ್ಯೆ ದಾರಿ ಮಾಡಿದ್ದು ಮತ್ತೊಂದು ಕಾಲುವೆ. ಷಿಕಾಗೊದ ಕೊಳಚೆ ಕುಡಿಯೋ ನೀರಿಗೆ ಸೇರದೇ ಇರ್ಲಿ ಅಂತ 1900ರಲ್ಲಿ ನದಿಯ ಹರಿವನ್ನೇ ಹಿಂದಕ್ಕೆ ತಿರುಗಿಸಿ ಮಿಸಿಸಿಪ್ಪಿ ಕಡೆಗೆ ಬಿಟ್ಟ ಕಾಲುವೆ ಅದು. ಕಾಲರಾ, ಟೈಫಾಯ್ಡ್‌ಗೆ ಜನ ಸಾಯ್ತಿದ್ದ ಕಾಲದಲ್ಲಿ ಅದನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಈಗ ಆ ಕಾಲುವೆಯೊಳಗೆ ಕರೆಂಟು ಹರಿಸಿ ಮೀನು ತಡೆಯೋ ಬೇಲಿ ಇದೆ, 2002ರಲ್ಲಿ ಶುರುವಾಗಿದ್ದು. ಅಸಲಿಗೆ ಅದನ್ನ ಯೋಚಿಸಿದ್ದು ರೌಂಡ್ ಗೋಬಿ ಸರೋವರದಿಂದ ಮಿಸಿಸಿಪ್ಪಿ ಕಡೆಗೆ ಹೋಗದ ಹಾಗೆ ತಡೆಯೋಕೆ, ಕಟ್ಟಿ ಮುಗಿಸೋ ಹೊತ್ತಿಗೆ ಗೋಬಿ ದಾಟಿ ಹೋಗಿತ್ತು. 2009ರ ಡಿಸೆಂಬರ್‌ನಲ್ಲಿ ಬೇಲಿ ರಿಪೇರಿಗೆ ಅಂತ ಕರೆಂಟು ನಿಲ್ಲಿಸಬೇಕಾದಾಗ ಸುಮಾರು 10 ಕಿಲೋಮೀಟರ್ ಕಾಲುವೆಗೆ ವಿಷ ಹಾಕಿದ್ರು, ಸತ್ತ ಮೀನಿನ ರಾಶಿಯಲ್ಲಿ ಸಿಕ್ಕಿದ್ದು ಒಂದೇ ಒಂದು ದೊಡ್ಡತಲೆ ಗೆಂಡೆ. ಮರುವರ್ಷ ಬೇಲಿ ದಾಟಿದ ಆಚೆ, ಸರೋವರಕ್ಕೆ ಹತ್ತು ಕಿಲೋಮೀಟರ್ ದೂರದಲ್ಲಿ ಒಂದು ಸಿಕ್ತು, 2017ರಲ್ಲಿ ಒಂದು ಬೆಳ್ಳಿ ಗೆಂಡೆ. ಈಗ ಬ್ರಾಂಡನ್ ರೋಡ್ ಅನ್ನೋ ಕಡೆ ಕರೆಂಟು, ಸದ್ದು, ಗುಳ್ಳೆಗಳ ಪರದೆ ಎಲ್ಲ ಸೇರಿಸಿ ಇನ್ನೊಂದು ತಡೆ ಕಟ್ಟೋ ಯೋಜನೆ ಇದೆ, ಅಂದಾಜು ಖರ್ಚು 115 ಕೋಟಿ ಡಾಲರ್. ಕೊಳದ ಪಾಚಿ ತಿನ್ನಲಿ ಅಂತ ತಂದ ಮೀನಿಗೆ ಇಷ್ಟು.

ಹಿಡಿದು ತಿಂದ್ರಾಯ್ತು ಅನ್ನೋ ಮಾತಿಗೆ ಈಗ ವಾಪಸ್ ಬರ್ತೀನಿ. ಹಿಡಿಯೋದರಿಂದ ಉಪಯೋಗ ಇದೆ, ಇಲಿನಾಯ್‌ನಲ್ಲಿ ಸರ್ಕಾರವೇ ಮೀನುಗಾರರಿಗೆ ದುಡ್ಡು ಕೊಟ್ಟು ಟನ್‌ಗಟ್ಟಲೆ ಗೆಂಡೆ ತೆಗೆಸುತ್ತೆ, ಜನ ತಿನ್ನಲಿ ಅಂತ 2022ರಲ್ಲಿ ಕೋಪಿ ಅಂತ ಹೊಸ ಹೆಸರೂ ಇಟ್ಟರು. ಆದ್ರೆ ಒಂದು ಹೆಣ್ಣು ಗೆಂಡೆ ವರ್ಷಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತೆ, ಮೀನು ವಿರಳ ಆದಂಗೆ ಹಿಡಿಯೋ ಖರ್ಚು ಏರುತ್ತೆ, ಮಾರ್ಕೆಟ್ ಬೆಳೆದ್ರೆ ಆ ಮೀನು ಮುಗೀಬಾರದು ಅನ್ನೋರೂ ಹುಟ್ಕೊಳ್ತಾರೆ.

ಲ್ಯಾಂಪ್ರೇ ವಿಷಯದಲ್ಲಂತೂ ತಿನ್ನೋ ಪ್ರಶ್ನೆನೇ ಬರಲಿಲ್ಲ. 1950ರ ದಶಕದಲ್ಲಿ ಹ್ಯೂರಾನ್ ದಡದ ಒಂದು ಲ್ಯಾಬ್‌ನಲ್ಲಿ ವರ್ನನ್ ಆಪಲ್‌ಗೇಟ್ ಮತ್ತವರ ಜೊತೆಗಾರರು ಸುಮಾರು 6,000 ರಾಸಾಯನಿಕಗಳನ್ನ ಒಂದಾದ ಮೇಲೆ ಒಂದು ಪರೀಕ್ಷೆ ಮಾಡಿದ್ರು, ಜಾಡಿಯಲ್ಲಿ ಲ್ಯಾಂಪ್ರೇ ಮರಿ, ಜೊತೆಗೆ ಬೇರೆ ಮೀನು, ಮರಿ ಸತ್ತು ಮೀನು ಬದುಕಬೇಕು. ಕೊನೆಗೆ ಟಿಎಫ್‌ಎಂ ಅನ್ನೋದು ಸಿಕ್ತು, 1958ರಲ್ಲಿ ಸುಪೀರಿಯರ್ ಸೇರೋ ತೊರೆಗಳಿಗೆ ಮೊದಲ ಸಲ ಬಿಟ್ಟರು. ಲ್ಯಾಂಪ್ರೇ ಸಂಖ್ಯೆ ಹೆಚ್ಚಿನ ಕಡೆ ಶೇಕಡ 90ರಷ್ಟು ಇಳೀತು, ಲೇಕ್ ಟ್ರೌಟ್ ನಿಧಾನಕ್ಕೆ ಚೇತರಿಸ್ಕೊಂಡಿತು. ಆದ್ರೆ ಮರಿಗಳು ತೊರೆಯ ಕೆಸರಲ್ಲಿ ಮೂರರಿಂದ ಹತ್ತು ವರ್ಷ ಹುದುಗಿ ಬೆಳೀತಾವೆ, ಹಾಗಾಗಿ ಔಷಧಿಯನ್ನ ಕೆಲವು ವರ್ಷಕ್ಕೊಂದು ಸಲ ಮತ್ತೆ ಮತ್ತೆ ಬಿಡ್ತಾ ಇರಬೇಕು. 2020, 2021ರಲ್ಲಿ ಕೋವಿಡ್‌ನಿಂದ ಕೆಲಸದ ತಂಡಗಳು ಪೂರ್ತಿ ಹೊರಡೋಕಾಗಲಿಲ್ಲ, ಎಷ್ಟೋ ತೊರೆಗಳು ಬಾಕಿ ಉಳಿದ್ವು. ಮುಂದಿನ ಒಂದೆರಡು ವರ್ಷದಲ್ಲೇ ಲ್ಯಾಂಪ್ರೇ ಸಂಖ್ಯೆ ಏರಿತು, ಬಲೆಗೆ ಬಿದ್ದ ಟ್ರೌಟ್‌ಗಳ ಪಕ್ಕೆಯಲ್ಲಿ ಆ ಗುಂಡನೆ ಗಾಯ ಮತ್ತೆ ಜಾಸ್ತಿ ಕಾಣಿಸೋಕೆ ಶುರುವಾಯ್ತು.