ಗಟ್ಟಿ ಪಾಸ್‌ವರ್ಡ್ ಇದ್ದರೆ ಸರ್ವರ್‌ನ ನಿರ್ವಹಣಾ ಪೋರ್ಟ್ ಸುರಕ್ಷಿತವೇ?

ಪ್ರಶ್ನೆ: ನಮ್ಮ ಸರ್ವರ್‌ಗಳ ಬಿಎಂಸಿಗೆ (ದೂರದಿಂದಲೇ ಸರ್ವರನ್ನು ನಿರ್ವಹಿಸಲು ಅದರಲ್ಲಿರುವ ನಿಯಂತ್ರಕಕ್ಕೆ) ಉದ್ದನೆಯ ಪಾಸ್‌ವರ್ಡ್ ಇಟ್ಟಿದ್ದೇವೆ, ಅದರ ವೆಬ್ ಪುಟ ಎಚ್‌ಟಿಟಿಪಿಎಸ್‌ನಲ್ಲೇ ತೆರೆಯುತ್ತದೆ. ಇಷ್ಟಿದ್ದೂ ಅದನ್ನು ಪ್ರತ್ಯೇಕ ನೆಟ್‌ವರ್ಕ್‌ನಲ್ಲಿ ಇಡಲೇಬೇಕೇ?

ಇಡಲೇಬೇಕು. ಮದರ್‌ಬೋರ್ಡಿನ ಮೇಲಿರುವ ಈ ಬಿಎಂಸಿ ತನ್ನದೇ ಪ್ರೊಸೆಸರ್, ತನ್ನದೇ ಆಪರೇಟಿಂಗ್ ಸಿಸ್ಟಂ, ತನ್ನದೇ ಐಪಿ ವಿಳಾಸ ಉಳ್ಳ ಒಂದು ಪುಟ್ಟ ಕಂಪ್ಯೂಟರ್. ಸರ್ವರ್ ಆಫ್ ಆಗಿದ್ದರೂ ವಿದ್ಯುತ್ ಸಂಪರ್ಕ ಇರುವವರೆಗೆ ಅದು ಎಚ್ಚರವಾಗಿಯೇ ಇರುತ್ತದೆ. ಅದರೊಳಗೆ ಹೊಕ್ಕವರು ದೂರದಿಂದಲೇ ಒಂದು ಐಎಸ್‌ಒ ಕಡತವನ್ನು (ಬೂಟ್ ಡಿಸ್ಕಿನ ಪ್ರತಿಯನ್ನು) ಜೋಡಿಸಿ, ಸರ್ವರನ್ನು ಅದರಿಂದ ಬೂಟ್ ಮಾಡಿಸಿ, ಎನ್‌ಕ್ರಿಪ್ಟ್ ಆಗಿರದ ಡಿಸ್ಕನ್ನು ಪೂರ್ತಿ ಓದಬಹುದು. ಸರ್ವರ್‌ನ ಒಳಗೆ ನೀವು ಹಾಕಿರುವ ಫೈರ್‌ವಾಲ್ ಈ ದಾರಿಗೆ ಅಡ್ಡ ಬರುವುದೇ ಇಲ್ಲ.

ಇನ್ನು ಪಾಸ್‌ವರ್ಡ್‌ನ ಮಾತು. ಬಿಎಂಸಿಯೊಂದಿಗೆ ನೆಟ್‌ವರ್ಕ್ ಮೂಲಕ ಮಾತನಾಡುವ ಮಾನದಂಡವಾಗಿ 2004ರಲ್ಲಿ ಬಂದ ಐಪಿಎಂಐ 2.0 ವಿಧಾನದಲ್ಲಿ, ಲಾಗಿನ್ ಮಾಡಲು ಬಂದವನು ಸರಿಯಾದ ಬಳಕೆದಾರ ಹೆಸರೊಂದನ್ನು ಹೇಳಿದರೆ ಸಾಕು, ಅವನು ತನ್ನ ಪಾಸ್‌ವರ್ಡನ್ನು ಸಾಬೀತುಪಡಿಸುವ ಮೊದಲೇ ಬಿಎಂಸಿ ಆ ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿದ ಹ್ಯಾಶನ್ನು (ಗಣಿತದ ಗುರುತನ್ನು) ಕಳುಹಿಸಿಬಿಡುತ್ತದೆ. ಅದನ್ನು ಕೊಂಡೊಯ್ದು ತನ್ನ ಯಂತ್ರದಲ್ಲಿ ನಿಧಾನವಾಗಿ ಒಡೆದು ಪಾಸ್‌ವರ್ಡ್ ಕಂಡುಕೊಳ್ಳಬಹುದು. 2013ರಲ್ಲಿ ವ್ಯಾಪಕವಾಗಿ ತಿಳಿದುಬಂದ ಈ ದೋಷ ಮಾನದಂಡದ ವಿನ್ಯಾಸದಲ್ಲೇ ಇರುವುದರಿಂದ ಫರ್ಮ್‌ವೇರ್ ಅಪ್‌ಡೇಟ್‌ನಿಂದ ಹೋಗುವಂಥದ್ದಲ್ಲ. ಅಲ್ಲಿ ಪಾಸ್‌ವರ್ಡ್‌ಗೆ 20 ಬೈಟ್‌ಗಳ ಮಿತಿ ಬೇರೆ. ಆದ್ದರಿಂದ ಯುಡಿಪಿ 623 ಸಂಖ್ಯೆಯ ನೆಟ್‌ವರ್ಕ್ ಪೋರ್ಟ್‌ನಲ್ಲಿ ಕೇಳುವ ಐಪಿಎಂಐ ಸೇವೆಯನ್ನು ಮುಚ್ಚಿ, ಅದೇ ಕೆಲಸಕ್ಕೆ 2015ರಿಂದ ಬಳಕೆಗೆ ಬಂದ ರೆಡ್‌ಫಿಶ್ ಎಂಬ ಹೊಸ ವಿಧಾನಕ್ಕೆ ಹೋಗುವುದು ಮೇಲು. ಆದರೆ ಅದೂ ಕೋಟೆಯೇನಲ್ಲ. ಎಚ್‌ಪಿ ಸರ್ವರ್‌ಗಳ ಐಲೋ 4 ಎಂಬ ಬಿಎಂಸಿಯ ಹಳೆಯ ಫರ್ಮ್‌ವೇರ್‌ನಲ್ಲಿ ಎಚ್‌ಟಿಟಿಪಿ ಹೆಡರ್ ಒಂದರಲ್ಲಿ 29 ಬಾರಿ 'ಎ' ಅಕ್ಷರ ಕಳುಹಿಸಿದರೆ ಪಾಸ್‌ವರ್ಡ್ ಇಲ್ಲದೆಯೇ ಬಾಗಿಲು ತೆರೆಯುತ್ತಿತ್ತು; 2025ರಲ್ಲಿ ಮೆಗಾರ್‍ಯಾಕ್ ಎಂಬ ಬಿಎಂಸಿ ಫರ್ಮ್‌ವೇರ್‌ನ ರೆಡ್‌ಫಿಶ್ ಭಾಗದಲ್ಲಿಯೂ ಲಾಗಿನ್ ತಪ್ಪಿಸುವ ದೋಷ ಬೆಳಕಿಗೆ ಬಂತು. ಪಾಸ್‌ವರ್ಡನ್ನು ಕೇಳದೆಯೇ ಒಳಬಿಡುವ ದೋಷದ ಮುಂದೆ ಅದರ ಉದ್ದ ಏನೂ ಮಾಡಲಾರದು; ಆ ಬಾಗಿಲಿನವರೆಗೆ ಅಪರಿಚಿತರು ಬರಲಾಗದಂತೆ ಮಾಡುವುದೊಂದೇ ಆಗ ಉಳಿಯುವ ರಕ್ಷಣೆ.

ಹಾಗಾಗಿ ಬಿಎಂಸಿಗಳಿಗೆ ಬೇರೆಯೇ ವಿಲ್ಯಾನ್ (ಸ್ವಿಚ್‌ನಲ್ಲೇ ಪ್ರತ್ಯೇಕಿಸಿದ ನೆಟ್‌ವರ್ಕ್) ಇರಲಿ, ಅಲ್ಲಿಂದ ಇಂಟರ್‌ನೆಟ್‌ಗೆ ದಾರಿ ಇಲ್ಲದಿರಲಿ, ಒಳಬರುವವರು ವಿಪಿಎನ್ ದಾಟಿ ಒಂದೇ ಜಂಪ್ ಹೋಸ್ಟ್ (ಎಲ್ಲರೂ ಹಾದುಹೋಗಬೇಕಾದ ನಡುವಿನ ಯಂತ್ರ) ಮೂಲಕ ಬರಲಿ. ಇಲ್ಲಿ ಬಹಳ ಮಂದಿ ಎಡವುವುದು ಪೋರ್ಟಿನ ಆಯ್ಕೆಯಲ್ಲಿ. ಹಲವು ಮದರ್‌ಬೋರ್ಡ್‌ಗಳಲ್ಲಿ ಬಿಎಂಸಿಯ ಪೋರ್ಟ್ 'ಫೇಲ್‌ಓವರ್' ಸ್ಥಿತಿಯಲ್ಲಿ ಬರುತ್ತದೆ: ಮೀಸಲಾದ ಪೋರ್ಟಿನ ಕೇಬಲ್ ಕಳಚಿದ್ದರೆ ಬಿಎಂಸಿ ಸರ್ವರ್‌ನ ಮೊದಲ ಲ್ಯಾನ್ ಪೋರ್ಟನ್ನೇ ಹಂಚಿಕೊಂಡು, ಯಾರಿಗೂ ಹೇಳದೆ ಸಾಮಾನ್ಯ ನೆಟ್‌ವರ್ಕ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಈ ಆಯ್ಕೆಯನ್ನು 'ಡೆಡಿಕೇಟೆಡ್' ಎಂದು ಬದಲಿಸದಿದ್ದರೆ ಪ್ರತ್ಯೇಕ ವಿಲ್ಯಾನ್ ಕೇವಲ ನಕ್ಷೆಯ ಮೇಲಿನ ಗೆರೆ.

ಇನ್ನೊಂದು ಅಪಾಯ ಒಳಗಿನಿಂದ ಬರುವಂಥದ್ದು. ಸರ್ವರ್‌ನಲ್ಲಿ ರೂಟ್ (ಪೂರ್ಣ) ಅಧಿಕಾರ ಪಡೆದವರು, ಸರ್ವರ್‌ನಿಂದ ಬಿಎಂಸಿಗೆ ಇರುವ ಒಳದಾರಿಯನ್ನು ನಿರ್ಬಂಧಿಸದಿದ್ದರೆ, ಐಪಿಎಂಐಟೂಲ್‌ನಂಥ ಸಲಕರಣೆಯಿಂದ ಬಿಎಂಸಿಯ ಪಾಸ್‌ವರ್ಡ್ ತಿಳಿಯದೆಯೇ ಅದರಲ್ಲಿ ಹೊಸ ಖಾತೆ ಸೃಷ್ಟಿಸಬಹುದು. ಒಂದು ಬಿಎಂಸಿ ಕೈವಶವಾದರೆ ಅದೇ ವಿಲ್ಯಾನ್‌ನ ಉಳಿದವುಗಳತ್ತ ಅದು ಮೆಟ್ಟಿಲಾಗುತ್ತದೆ. ಬಿಎಂಸಿಗಳು ಜಂಪ್ ಹೋಸ್ಟ್ ಜೊತೆ ಮಾತ್ರ ಮಾತನಾಡಲಿ, ಪರಸ್ಪರ ಅಲ್ಲ ಎಂದು ಸ್ವಿಚ್‌ನಲ್ಲೇ ಪೋರ್ಟ್ ಐಸೊಲೇಶನ್ ಹಾಕಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಸರ್ವರ್‌ನ ಸೀರಿಯಲ್ ಪೋರ್ಟ್ ಮೂಲಕ ಸಿಗುವ ಪಠ್ಯ ಪರದೆ, ಅಂದರೆ ಸೀರಿಯಲ್ ಕನ್ಸೋಲ್‌ನ ಕಥೆ ಸ್ವಲ್ಪ ಬೇರೆ. ಎಸ್‌ಎಸ್‌ಎಚ್ ಸಂಪರ್ಕ ಕಡಿದರೆ ಸಾಮಾನ್ಯವಾಗಿ ಅದರ ಶೆಲ್ (ಆದೇಶಗಳನ್ನು ಟೈಪಿಸುವ ಜಾಗ) ಕೂಡ ಮುಗಿಯುತ್ತದೆ. ಸೀರಿಯಲ್ ಕನ್ಸೋಲ್‌ನಲ್ಲಿ ಹಾಗಾಗದಿರುವುದೇ ಹೆಚ್ಚು. ರೂಟ್ ಆಗಿ ಲಾಗಿನ್ ಮಾಡಿದವರು ಲಾಗ್‌ಔಟ್ ಮಾಡದೆ ಕಿಟಕಿ ಮುಚ್ಚಿ ಹೋದರೆ, ಅದೇ ಪೋರ್ಟಿಗೆ ಮುಂದೆ ಬರುವವರಿಗೆ ಆ ಶೆಲ್ ತೆರೆದೇ ಸಿಗುತ್ತದೆ. ಟಿಎಂಔಟ್ ಎಂಬ ಶೆಲ್ ಸೆಟ್ಟಿಂಗ್ ಮೂಲಕ ನಿಷ್ಕ್ರಿಯ ಶೆಲ್ ತಾನಾಗಿ ಮುಚ್ಚುವಂತೆ ಮಾಡಿ. ಬೂಟ್ ಹಂತದಲ್ಲಿ ಗ್ರಬ್ (ಬೂಟ್‌ಲೋಡರ್) ಮೆನು ಇದೇ ಕನ್ಸೋಲ್‌ನಲ್ಲಿ ಕಾಣುವಂತಿದ್ದರೆ ಅದಕ್ಕೂ ಪಾಸ್‌ವರ್ಡ್ ಬೇಕು, ಇಲ್ಲದಿದ್ದರೆ ಕರ್ನಲ್ ಸಾಲನ್ನು ತಿದ್ದಿ ನೇರವಾಗಿ ರೂಟ್ ಶೆಲ್‌ಗೆ ಇಳಿಯಬಹುದು. ಸೀರಿಯಲ್ ಪೋರ್ಟ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಕನ್ಸೋಲ್ ಸರ್ವರ್‌ನಲ್ಲಿ, ಎನ್‌ಕ್ರಿಪ್ಟ್ ಮಾಡದ ಟೆಲ್ನೆಟ್ ಮುಚ್ಚುವುದನ್ನು ಹೇಳಬೇಕಾಗಿಯೇ ಇಲ್ಲ.

ಇಷ್ಟೆಲ್ಲ ಬಿಗಿ ಮಾಡುವ ಮೊದಲು ಒಂದನ್ನು ಪರೀಕ್ಷಿಸಿ: ನಿಮ್ಮ ವಿಪಿಎನ್, ಜಂಪ್ ಹೋಸ್ಟ್, ಎಲ್‌ಡ್ಯಾಪ್ (ಕೇಂದ್ರೀಯ ಲಾಗಿನ್ ಖಾತೆಗಳ ಸೇವೆ) ಇವು ಓಡುತ್ತಿರುವುದು ಯಾವ ಯಂತ್ರಗಳ ಮೇಲೆ? ಅದೇ ಸರ್ವರ್‌ಗಳ ಮೇಲಾದರೆ, ಅವು ಬಿದ್ದ ದಿನ ಬಿಎಂಸಿಯ ದಾರಿಯೂ ಬಂದ್ ಆಗುತ್ತದೆ. ಅಂಥ ದಿನಕ್ಕೆಂದು ಪ್ರತಿ ಬಿಎಂಸಿಯಲ್ಲಿ ಎಲ್‌ಡ್ಯಾಪ್ ಮೇಲೆ ಅವಲಂಬಿತವಾಗದ ಒಂದು ಸ್ಥಳೀಯ ಖಾತೆ ಇರಲಿ, ಅದರ ಪಾಸ್‌ವರ್ಡ್ ಒಂದೊಂದಕ್ಕೂ ಬೇರೆಬೇರೆಯಾಗಿರಲಿ, ಮತ್ತು ಆ ಪಾಸ್‌ವರ್ಡ್‌ಗಳ ಪಟ್ಟಿ ಅದೇ ಸರ್ವರ್‌ಗಳಲ್ಲಿ ಇಲ್ಲದಿರಲಿ.