ಮನೆಯ ಬೆಲೆಗಿಂತ ದೊಡ್ಡ ಅಡಮಾನ

ಕೆನಡಾದಲ್ಲಿ ಗೃಹಸಾಲ ತೀರಲು ಸಾಮಾನ್ಯವಾಗಿ 25 ವರ್ಷ ಬೇಕು. ಆದರೆ ಬ್ಯಾಂಕಿನೊಂದಿಗಿನ ಕರಾರು ಹೆಚ್ಚಾಗಿ 5 ವರ್ಷಕ್ಕೇ ಮುಗಿಯುತ್ತದೆ. ದಂಡ ತೆರದೆ, ಕಡಿಮೆ ಬಡ್ಡಿಯ ಇನ್ನೊಂದು ಬ್ಯಾಂಕಿಗೆ ಹೋಗಲು ಸಾಲಗಾರರಿಗೆ ಸಿಗುವ ಅವಕಾಶ ಅದು. ಹಳೆಯ ಪದ್ಧತಿಯಲ್ಲಿ ಪಡೆದ ಸಾಲದ ಮೊತ್ತವಷ್ಟೇ ಭೂದಾಖಲೆಯಲ್ಲಿ ನೋಂದಣಿಯಾಗಿರುತ್ತಿತ್ತು. ಹೊಸ ಬ್ಯಾಂಕು ಆ ಅಡಮಾನವನ್ನು ಹಾಗೆಯೇ ತನ್ನ ಹೆಸರಿಗೆ ವರ್ಗಾಯಿಸಿಕೊಳ್ಳುತ್ತಿತ್ತು. ಖರ್ಚನ್ನೂ ಹಲವು ವೇಳೆ ತಾನೇ ಭರಿಸುತ್ತಿತ್ತು.

ಕೊಲ್ಯಾಟರಲ್ ಚಾರ್ಜ್ ಎಂಬ ಇನ್ನೊಂದು ಬಗೆಯ ಅಡಮಾನ ಆಗಲೂ ಇತ್ತು. ಮನೆಯ ಆಧಾರದ ಮೇಲೆ ಬೇಕೆಂದಾಗ ತೆಗೆದು, ಆದಾಗ ಕಟ್ಟುವ ಸಾಲಕ್ಕೆ ಅದು ಬಳಕೆಯಲ್ಲಿತ್ತು. 2010ರ ಅಕ್ಟೋಬರ್‌ನಲ್ಲಿ ಟಿಡಿ ಬ್ಯಾಂಕು ತನ್ನ ಹೊಸ ಗೃಹಸಾಲಗಳಿಗೆಲ್ಲ ಇದನ್ನೇ ಅನ್ವಯಿಸಿತು. ಮುಂದೆ ಟ್ಯಾಂಜರೀನ್ ಎಂದು ಹೆಸರು ಬದಲಿಸಿಕೊಂಡ ಐಎನ್‌ಜಿ ಡೈರೆಕ್ಟ್ ಕೂಡ ಅದೇ ದಾರಿ ಹಿಡಿಯಿತು.

ಟಿಡಿಯಲ್ಲಿ ಮನೆಯ ಬೆಲೆಯ ಶೇ. 125ರವರೆಗೂ ನೋಂದಣಿ ಮಾಡಿಸಬಹುದಿತ್ತು. 5 ಲಕ್ಷ ಡಾಲರ್‌ನ ಮನೆಗೆ ಮೂರೂವರೆ ಲಕ್ಷ ಸಾಲ ಪಡೆದರೂ ದಾಖಲೆಯಲ್ಲಿ 6.25 ಲಕ್ಷ ಕಾಣಬಹುದು. ಕೈಗೆ ಬಂದದ್ದು ಮೂರೂವರೆ ಲಕ್ಷವೇ, ಬಡ್ಡಿಯೂ ಅಷ್ಟಕ್ಕೇ. ಮುಂದೆ ಹೆಚ್ಚಿನ ಹಣ ಬೇಕಾದರೆ ಮತ್ತೆ ವಕೀಲರ ಶುಲ್ಕವಿಲ್ಲ ಎಂಬುದು ಬ್ಯಾಂಕಿನ ವಾದ. ಮಾತು ಸುಳ್ಳಲ್ಲ. ಆದರೆ ಆ ಹಣ ತಾನಾಗಿ ಬರುವುದಿಲ್ಲ; ಆದಾಯ, ಸಾಲದ ಇತಿಹಾಸ ಎಲ್ಲವನ್ನೂ ಬ್ಯಾಂಕು ಮತ್ತೆ ಜಾಲಾಡುತ್ತದೆ.

ಪೆಟ್ಟು ಬೀಳುವುದು ಬ್ಯಾಂಕು ಬದಲಿಸುವಾಗ. ಇಂಥ ಅಡಮಾನವನ್ನು ವರ್ಗಾಯಿಸಿಕೊಳ್ಳಲು ಇತರ ಬ್ಯಾಂಕುಗಳು ಬಹುಕಾಲ ಒಪ್ಪಲಿಲ್ಲ. ಹಳೆಯದನ್ನು ತೀರಿಸಿ, ರದ್ದುಮಾಡಿಸಿ, ಹೊಸದಾಗಿ ನೋಂದಾಯಿಸಬೇಕು; ಆ ಖರ್ಚು ಸಾಲಗಾರರ ತಲೆಗೆ. ಈಗ ಕೆಲವರು ಒಪ್ಪುತ್ತಾರೆ, ಎಲ್ಲರೂ ಅಲ್ಲ. ಮನೆಯ ಬೆಲೆಯನ್ನೂ ಮೀರಿದ ಮೊತ್ತ ಮೊದಲೇ ನೋಂದಣಿಯಾಗಿದ್ದರೆ ಅದೇ ಮನೆಯ ಆಧಾರದ ಮೇಲೆ ಎರಡನೆಯ ಸಾಲ ಕೊಡುವವರೂ ಹಿಂಜರಿಯುತ್ತಾರೆ. ಜೊತೆಗೆ, ಕರಾರಿನ ಒಕ್ಕಣೆ ಹಾಗಿದ್ದರೆ ಅದೇ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಬಾಕಿಗೂ ಮನೆಯೇ ಆಧಾರವಾಗುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಆತಂಕದ ಅಂಶ ಇದು.

ಟೀಕೆಗಳ ಬಳಿಕ ಎರಡೂ ಬಗೆಗಳ ವ್ಯತ್ಯಾಸವನ್ನು ಗ್ರಾಹಕರಿಗೆ ತಿಳಿಸುವುದಾಗಿ ಬ್ಯಾಂಕುಗಳು ಸ್ವಯಂಪ್ರೇರಿತವಾಗಿ ಒಪ್ಪಿಕೊಂಡವು. ಮನೆಯ ಬೀಗದ ಕೈ ಸಿಗುವ ಆತುರದಲ್ಲಿ ಆ ಹಾಳೆಯನ್ನು ಎಷ್ಟು ಜನ ಓದುತ್ತಾರೋ! ಟೊರೊಂಟೊದಲ್ಲೋ ಬ್ರಾಂಪ್ಟನ್‌ನಲ್ಲೋ ಮನೆ ಕೊಳ್ಳುವ ಕನ್ನಡಿಗರು ವಕೀಲರ ಮುಂದೆ ಸಹಿ ಹಾಕುವ ಮೊದಲು ನೋಂದಣಿಯ ಮೊತ್ತವೆಷ್ಟು, ಅದನ್ನು ಸಾಲದಷ್ಟಕ್ಕೇ ಇಳಿಸಲು ಸಾಧ್ಯವೇ ಎಂದು ಕೇಳಬಹುದು. ಮೊತ್ತ ಇಳಿದರೂ ಅಡಮಾನದ ಬಗೆ ಬದಲಾಗದು; ಬ್ಯಾಂಕು ಬಿಡುವಾಗಿನ ಖರ್ಚನ್ನು ಆಗಲೇ ಕೇಳಿ ಬರೆಸಿಕೊಳ್ಳುವುದು ಒಳಿತು.