ಹತ್ತು ದಿನ ನಿಲ್ಲದ ಮುಟ್ಟು: ‘ನನಗೂ ಹೀಗೇ ಇತ್ತು’ ಅಂತ ಅಮ್ಮ ಹೇಳಿದರೆ ಸುಮ್ಮನಿರಬಹುದಾ?

ಪ್ರಶ್ನೆ: ನನಗೆ 41 ವರ್ಷ. ಒಂದು ವರ್ಷದಿಂದ ಮುಟ್ಟು ಶುರುವಾದರೆ ಹತ್ತು ದಿನವಾದರೂ ನಿಲ್ಲುವುದಿಲ್ಲ. ಮೊದಲ ಮೂರು ದಿನವಂತೂ ಹೊರಗೆ ಹೋಗಲು ಭಯ. ‘ನನಗೂ ಹೀಗೇ ಇತ್ತು, ವಯಸ್ಸಾಗುತ್ತಾ ನಿಂತುಹೋಗುತ್ತೆ’ ಅಂತ ಅಮ್ಮ ಹೇಳುತ್ತಾರೆ. ಕಾಯಬಹುದಾ, ಡಾಕ್ಟರಿಗೆ ತೋರಿಸಬೇಕಾ?

ಉತ್ತರ: ತೋರಿಸಿ. ‘ಮುಂದಿನ ತಿಂಗಳು ನೋಡೋಣ’ ಅಂತ ಮುಂದೂಡುತ್ತಲೇ ಒಂದು ವರ್ಷ ಕಳೆದಿದೆ, ಅಲ್ವಾ?

ಸಾಮಾನ್ಯವಾಗಿ ಮುಟ್ಟು 24ರಿಂದ 38 ದಿನಕ್ಕೊಮ್ಮೆ ಬರುತ್ತದೆ, ಏಳೆಂಟು ದಿನದೊಳಗೆ ನಿಲ್ಲುತ್ತದೆ. ಒಂದು ಸಲಕ್ಕೆ ಹೋಗುವ ರಕ್ತ ಸುಮಾರು 30–40 ಮಿಲಿಲೀಟರ್, ಅಂದರೆ ಎರಡು ಮೂರು ದೊಡ್ಡ ಚಮಚದಷ್ಟು. 80 ಮಿಲಿಲೀಟರ್ ದಾಟಿದರೆ ಅತಿಯಾದ ಬ್ಲೀಡಿಂಗ್ ಎಂದು ಮೊದಲು ಲೆಕ್ಕ ಹಾಕುತ್ತಿದ್ದರು. ಆದರೆ ಮನೆಯಲ್ಲಿ ಇದನ್ನು ಅಳೆಯುವವರು ಯಾರು? ಹಾಗಾಗಿ ಈಗ ಡಾಕ್ಟರುಗಳು ಕೇಳುವುದು ಬೇರೆ ಪ್ರಶ್ನೆ: ಇದರಿಂದ ನಿಮ್ಮ ದಿನನಿತ್ಯದ ಬದುಕಿಗೆ ತೊಂದರೆಯಾಗುತ್ತಿದೆಯಾ? ಪ್ಯಾಡ್ ಬದಲಿಸಲು ರಾತ್ರಿ ಏಳುತ್ತೀರಾ? ಒಟ್ಟಿಗೆ ಎರಡೆರಡು ಪ್ಯಾಡ್ ಇಡುತ್ತೀರಾ? ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡ ರಕ್ತದ ಹೆಪ್ಪು ಬೀಳುತ್ತಿದೆಯಾ? ಹೊರಗೆ ಹೋಗಲು ಭಯ ಅಂತ ನೀವು ಬರೆದ ಒಂದು ಮಾತೇ ಸಾಕು.

ಇನ್ನು ಅಮ್ಮನ ಮಾತು. ಅವರು ಸಮಾಧಾನಕ್ಕೆ ಹೇಳಿದ್ದಾರೆ. ಆದರೆ ಡಾಕ್ಟರ್ ಕಿವಿಗೆ ಅದು ಸಮಾಧಾನವಲ್ಲ, ಸುಳಿವು. ‘ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ’ ಅನ್ನುವ ಕಡೆ ಎಲ್ಲರಿಗೂ ಒಂದೇ ತೊಂದರೆ ಇರಬಹುದು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆಗಳು ವಂಶದಲ್ಲಿ ಬರುತ್ತವೆ. ಅವುಗಳಲ್ಲಿ ಹೆಚ್ಚು ಕಾಣುವುದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ. 1926ರಲ್ಲಿ ಇದನ್ನು ಮೊದಲು ವಿವರಿಸಿದ ಫಿನ್ಲೆಂಡಿನ ಡಾಕ್ಟರ ಹೆಸರೇ ಅದಕ್ಕೆ ಉಳಿದಿದೆ. ಇದಿದ್ದವರಿಗೆ ಮೊದಲ ಮುಟ್ಟಿನಿಂದಲೇ ಬ್ಲೀಡಿಂಗ್ ಜಾಸ್ತಿ. ಹಲ್ಲು ಕೀಳಿಸಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಸಣ್ಣ ಏಟಿಗೂ ಮೈ ನೀಲಿಗಟ್ಟುತ್ತದೆ, ಮೂಗಿನಿಂದ ರಕ್ತ ಬರುತ್ತಿರುತ್ತದೆ.

ನಿಮಗೆ ಶುರುವಾಗಿದ್ದು ಒಂದು ವರ್ಷದ ಹಿಂದೆ. ಹಾಗಾಗಿ ಮೊದಲು ಯೋಚಿಸುವುದು ಬೇರೆ ಕಾರಣ. ಒಂದು, ಫೈಬ್ರಾಯ್ಡ್. ಗರ್ಭಕೋಶದಲ್ಲಿ ಬೆಳೆಯುವ ಈ ಗಡ್ಡೆಗಳು ಕ್ಯಾನ್ಸರ್ ಅಲ್ಲ, ಆದರೆ ಇವೂ ಎಷ್ಟೋ ಸಲ ಅಮ್ಮನಿಗೂ ಮಗಳಿಗೂ ಇರುತ್ತವೆ. ಇನ್ನೊಂದು, ವಯಸ್ಸಿನ ಏರುಪೇರು. ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಬರುತ್ತದೆ. ಗರ್ಭಕೋಶದ ಒಳಪದರ ಬೆಳೆಯುತ್ತಲೇ ಹೋಗದಂತೆ ತಡೆಯುವುದು ಅದು. ನಲವತ್ತರ ನಂತರ ಕೆಲವು ತಿಂಗಳು ಅಂಡಾಣು ಬಿಡುಗಡೆಯೇ ಆಗುವುದಿಲ್ಲ. ಆಗ ಒಳಪದರ ಬೆಳೆಸುವ ಈಸ್ಟ್ರೊಜೆನ್ ಹಾರ್ಮೋನು ಒಂದೇ ಕೆಲಸ ಮಾಡಿ ಒಳಪದರ ದಪ್ಪವಾಗುತ್ತದೆ, ಆಮೇಲೆ ಚೂರುಚೂರಾಗಿ ಎಷ್ಟೋ ದಿನ ಕಳಚುತ್ತಿರುತ್ತದೆ. ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವವರಲ್ಲೂ, ಹೊಸದಾಗಿ ಮುಟ್ಟು ಶುರುವಾದ ಹುಡುಗಿಯರಲ್ಲೂ ನಡೆಯುವುದು ಇದೇ. ವಯಸ್ಸಿನ ಬಗ್ಗೆ ಅಮ್ಮ ಹೇಳಿದ್ದು ಅರ್ಧ ನಿಜ ಅನ್ನಿ. ಆದರೆ ಹೀಗೆ ದಪ್ಪವಾಗುತ್ತಲೇ ಹೋದ ಒಳಪದರ ಕೆಲವರಲ್ಲಿ ಕ್ಯಾನ್ಸರಿನ ಕಡೆ ತಿರುಗುತ್ತದೆ. ಅದಕ್ಕೇ 45 ದಾಟಿದವರಲ್ಲಿ, ಅದಕ್ಕಿಂತ ಚಿಕ್ಕವರಾದರೂ ತೂಕ ತುಂಬಾ ಜಾಸ್ತಿ ಇದ್ದವರಲ್ಲಿ, ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಥೈರಾಯ್ಡ್ ತೊಂದರೆ, ಪಾಲಿಪ್ (ಒಳಪದರದಲ್ಲಿ ಬೆಳೆಯುವ ಸಣ್ಣ ದುರ್ಮಾಂಸ), ತಾಮ್ರದ ಕಾಪರ್-ಟಿ, ರಕ್ತ ತೆಳುವಾಗಿಸುವ ಮಾತ್ರೆ, ಇವೂ ಕಾರಣವಾಗಬಹುದು.

ಕಾರಣ ಯಾವುದಾದರೂ ಇರಲಿ, ಅಷ್ಟರಲ್ಲಿ ಖಾಲಿಯಾಗುತ್ತಿರುವುದು ನಿಮ್ಮ ಮೈಯ ಕಬ್ಬಿಣ. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಬಾಯಿಗೆ ಐಸೋ ಮಣ್ಣೋ ಬೇಕೆನಿಸುವ ವಿಚಿತ್ರ ಆಸೆ. ಇದನ್ನೆಲ್ಲ ಕೆಲಸದ ಸುಸ್ತು ಅಂದುಕೊಂಡು ದಿನ ದೂಡುವವರೇ ಹೆಚ್ಚು. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಆದರೆ ಅದು ಇಳಿಯುವ ಮೊದಲೇ ಕಬ್ಬಿಣದ ದಾಸ್ತಾನು ಬರಿದಾಗಿರುತ್ತದೆ. ಆ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ.

ತುಂಬಾ ಜನ ಹೋಗದೇ ಇರುವುದು ‘ಗರ್ಭಕೋಶ ತೆಗೆದುಬಿಡ್ತಾರೆ’ ಅನ್ನುವ ಭಯಕ್ಕೆ. ಚಿಕಿತ್ಸೆ ಅಲ್ಲಿಂದ ಶುರುವಾಗುವುದಿಲ್ಲ. ರಕ್ತ ಹೋಗುವುದನ್ನು ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನು ಬ್ಲೀಡಿಂಗ್ ಇರುವ ದಿನಗಳಲ್ಲಿ ಮಾತ್ರ ತೆಗೆದುಕೊಂಡರೆ ಸಾಕು. ಇದನ್ನು 1962ರಲ್ಲಿ ಕಂಡುಹಿಡಿದಿದ್ದು ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ. ಹೆರಿಗೆಯ ರಕ್ತಸ್ರಾವದಿಂದ ತಾಯಂದಿರನ್ನು ಉಳಿಸಬೇಕು ಎನ್ನುವುದು ಆಕೆಯ ಹಂಬಲವಾಗಿತ್ತು. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು ಇದನ್ನು ನುಂಗುವಂತಿಲ್ಲ. ಸುಮ್ನೆ ಮೆಡಿಕಲ್ ಶಾಪಿಗೆ ಹೋಗಿ ತರಬೇಡಿ ಅನ್ನುವುದು ಅದಕ್ಕೇ. ಹಾರ್ಮೋನು ಮಾತ್ರೆಗಳಿವೆ. ಗರ್ಭಕೋಶದೊಳಗೆ ಇಡುವ, ಹಾರ್ಮೋನು ಬಿಡುವ ಪುಟ್ಟ ಸಾಧನವೂ ಇದೆ, ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಫೈಬ್ರಾಯ್ಡ್ ಒಂದನ್ನೇ ತೆಗೆಯಬಹುದು. ಗರ್ಭಕೋಶ ತೆಗೆಯುವ ಮಾತು ಬರುವುದು ಸಾಮಾನ್ಯವಾಗಿ ಇವೆಲ್ಲ ಆದ ಮೇಲೆ.

ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳೂ ಇವೆ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುತ್ತಾ ಎರಡು ಗಂಟೆ ದಾಟಿದರೆ. ತಲೆಸುತ್ತಿ ಬೀಳುವಂತಾದರೆ, ಎದೆ ಡವಡವ ಹೊಡೆದುಕೊಂಡರೆ, ಉಸಿರು ಸಾಲದಾದರೆ. ಗರ್ಭ ನಿಂತಿರುವ ಸಾಧ್ಯತೆ ಇದ್ದು ಬ್ಲೀಡಿಂಗ್ ಆದರೆ. ಇನ್ನು ಮುಟ್ಟು ನಿಂತು ವರ್ಷವಾದವರಿಗೆ ಒಂದು ಹನಿ ಕಂಡರೂ ಬೇಗ ತೋರಿಸಬೇಕು.

ಹೋಗುವಾಗ ಹಿಂದಿನ ಎರಡು ಮೂರು ಮುಟ್ಟಿನ ತಾರೀಕು, ಜಾಸ್ತಿ ಹೋಗುವ ದಿನ ಎಷ್ಟು ಪ್ಯಾಡ್ ಬೇಕಾಯಿತು, ಈಗ ಯಾವ ಮಾತ್ರೆ ನುಂಗುತ್ತಿದ್ದೀರಿ, ಇಷ್ಟು ಬರೆದುಕೊಳ್ಳಿ. ಅದಕ್ಕೂ ಮೊದಲು ಅಮ್ಮನ ಹತ್ತಿರ ಕೂತು ಕೇಳಿ: ಅವರಿಗೆ ಚಿಕ್ಕಂದಿನಿಂದಲೇ ಹೀಗಿತ್ತಾ, ನಲವತ್ತರ ಮೇಲೆ ಶುರುವಾಗಿದ್ದಾ? ಹೆರಿಗೆಯಲ್ಲಿ ರಕ್ತ ತುಂಬಾ ಹೋಗಿತ್ತಾ? ‘ತಾನಾಗಿಯೇ ನಿಂತಿತು’ ಅನ್ನುತ್ತಾರಲ್ಲ, ನಿಜಕ್ಕೂ ತಾನಾಗಿಯೇ ನಿಂತಿತಾ, ಇಲ್ಲಾ ಯಾವುದಾದರೂ ಆಪರೇಷನ್ ಆಗಿತ್ತಾ?